ಅಪ್ಪಾಜಿ ಕುಡಿಯುತ್ತಿದ್ದರು ಎಂಬುದನ್ನು ಬಿಟ್ಟು ಬರೆಯಲಾರೆ

ಕಳೆದ ಮಾಘದಲ್ಲಿ ನನ್ನ ತಂದೆಯವರು ತೀರಿಕೊಂಡರು. ಮೂರನೆಯ ವಾರ ನಮ್ಮ ನಗರದ ಸಮಾಜದವರು ಶ್ರದ್ಧಾಂಜಲಿ ಸಭೆಯನ್ನು ಏರ್ಪಡಿಸಿ, ಹಂಚಬೇಕಾದ ಕರಪತ್ರದ ಕರಡನ್ನು ನನಗೆ ಕಳುಹಿಸಿದರು. ಅದರಲ್ಲಿ ಅವರನ್ನು ‘ವ್ಯಸನಮುಕ್ತಿ ಸೇವಾನಿರತರು, ಆಜೀವ ಸದಾಚಾರಿಗಳು’ ಎಂದು ಬಣ್ಣಿಸಲಾಗಿತ್ತು. ‘ಆಜೀವ’ ಎಂಬ ಪದದ ಕೆಳಗೆ ನಾನು ಗೆರೆ ಎಳೆದು, ಇದು ಸರಿಯಲ್ಲ, ಅವರು ಹದಿನಾಲ್ಕು ವರ್ಷ ಕುಡಿದವರು, ಆ ಮೇಲೆ ಬಿಟ್ಟವರು, ಬಿಟ್ಟದ್ದರಿಂದಲೇ ಈ ಸೇವೆಗೆ ಬಂದವರು ಎಂದು ಬರೆದು ಹಿಂದಿರುಗಿಸಿದೆ. ಸಂಜೆ ಹಿರಿಯರೊಬ್ಬರು ಫೋನು ಮಾಡಿದರು. “ಅದೆಲ್ಲಾ ಈಗ್ಯಾಕ ಬೇಕು ತಮ್ಮಾ? ಮುಚ್ಚಿದ್ದು ಮುಚ್ಚೇ ಇರ್ಲಿ. ನಿನ್ನ ಮಕ್ಕಳ ಲಗ್ನ ಇನ್ನಾ ಆಗೂದೈತಿ.” ಅವರ ದನಿಯಲ್ಲಿ ದುರುದ್ದೇಶವಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಕರಪತ್ರ ಮಾತ್ರ ಅವರು ಬಯಸಿದಂತೆಯೇ ಅಚ್ಚಾಯಿತು.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಆರಂಭಿಕ ಶಿಲ್ಕನ್ನು ಕೈಬಿಟ್ಟು ತಯಾರಿಸಿದ ಆಯವ್ಯಯ ಪತ್ರಕ್ಕೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಆದುದರಿಂದ ಸಭೆಯಲ್ಲಿ ಹೇಳಲಾಗದೆ ಹೋದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪಾಜಿಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವರು ಸೇರಿದ್ದ ಕೂಟದಲ್ಲಿ, ಪತ್ರಿಕೆಗಳಲ್ಲಿ ಸದಸ್ಯರು ತಮ್ಮ ಹೆಸರನ್ನು ಪ್ರಕಟಿಸಿಕೊಳ್ಳಬಾರದೆಂಬ ನಿಯಮವಿದೆ. ಅದನ್ನು ಅವರು ವ್ರತದಂತೆ ಪಾಲಿಸಿದರು. ನನ್ನನ್ನು ಬಲ್ಲವರಿಗೆ ಅವರು ಯಾರೆಂಬುದು ತಿಳಿದೇ ಇದೆ, ಅದಕ್ಕೆ ನಾನೇನೂ ಮಾಡಲಾರೆ.

ಬೆಳಗಾವಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಅವರು ಹೈದರಾಬಾದಿಗೆ ಬಂದದ್ದು 1974ರಲ್ಲಿ. ಸನತ್‌ನಗರದ ಕೈಗಾರಿಕಾ ಪ್ರದೇಶದಲ್ಲಿ ಉಗ್ರಾಣದ ಗುಮಾಸ್ತೆಯ ಕೆಲಸ, ಅಮೀರ್‌ಪೇಟೆಯ ಧರ್ಮಕರಣ್ ರಸ್ತೆಯ ಒಳಗಲ್ಲಿಯಲ್ಲಿ ಬಾಡಿಗೆ ಮನೆ. ಇಂದು ಮೆಟ್ರೋ ಮಾರ್ಗಗಳೆರಡು ಕೂಡುವ, ಮೈತ್ರಿವನದ ಸುತ್ತ ತರಬೇತಿ ಕೇಂದ್ರಗಳ ಫಲಕಗಳು ಆಕಾಶವನ್ನೇ ಮುಚ್ಚಿರುವ ಈ ಅಮೀರ್‌ಪೇಟೆ ಅಂದು ಮನೆಮುಂದೆ ಬೇವಿನ ಮರಗಳಿದ್ದ ನೆಮ್ಮದಿಯ ಬಡಾವಣೆಯಾಗಿತ್ತೆಂದು ಅವ್ವ ಹೇಳುತ್ತಾರೆ. ಕುಡಿತ ಹೇಗೆ ಆರಂಭವಾಯಿತೆಂದು ಅಪ್ಪಾಜಿಯನ್ನು ಒಮ್ಮೆ ಕೇಳಿದ್ದೆ. ಎರಡನೆಯ ಪಾಳಿ ಮುಗಿದ ಮೇಲೆ ನಾಲ್ವರು ಹೋಗುತ್ತಿದ್ದರು, ತಾವು ಐದನೆಯವರಾದೆವು ಎಂದಷ್ಟೇ ಉತ್ತರ. ದೊಡ್ಡ ದುಃಖವಾಗಲೀ ಆಘಾತವಾಗಲೀ ಇರಲಿಲ್ಲ. ವ್ಯಸನಕ್ಕೊಂದು ಕಥೆ ಇರಲೇಬೇಕೆಂದು ಹುಡುಕುವವರನ್ನು ಕಂಡರೆ ಅವರಿಗೆ ಸ್ವಲ್ಪ ಬೇಸರವೇ ಆಗುತ್ತಿತ್ತು.

ಆ ಹದಿನಾಲ್ಕು ವರ್ಷಗಳ ವಿವರಕ್ಕೆ ನಾನು ಹೋಗುವುದಿಲ್ಲ. ಕುಡುಕರ ಮನೆಗಳೆಲ್ಲ ಒಂದೇ ರೀತಿ ಇರುತ್ತವೆ, ಕಂಡವರಿಗೆ ಗೊತ್ತು. ಒಂದನ್ನು ಮಾತ್ರ ಹೇಳಬೇಕು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಣ್ಣುಮಕ್ಕಳು ರೋಸಮ್ಮನವರ ಮುಂದಾಳತ್ವದಲ್ಲಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ್ದು, ಅಕ್ಷರ ಕಲಿಯಲು ಕೂತವರ ಪಾಠದಿಂದಲೇ ಆ ಕಿಚ್ಚು ಹೊತ್ತಿಕೊಂಡದ್ದು ನಮ್ಮ ಕಾಲದ ದೊಡ್ಡ ಸಂಗತಿ. 1992ರಲ್ಲಿ ಎದ್ದ ಆ ಚಳವಳಿ 1993ರ ಅಕ್ಟೋಬರಿನಲ್ಲಿ ಸಾರಾಯಿ ನಿಷೇಧವನ್ನೂ, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರದ ಸಂಪೂರ್ಣ ಪಾನನಿಷೇಧವನ್ನೂ ತಂದಿತು. ಅವ್ವ ಆ ರಾತ್ರಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಆದರೆ ಅಪ್ಪಾಜಿಗೆ ಏಕಾಏಕಿ ಭಕ್ತಿ ಉಕ್ಕಿತು. ಬೀದರಿನ ಬಳಿಯ ಕಮಠಾಣದ ಪಾರ್ಶ್ವನಾಥನ ದರ್ಶನಕ್ಕೆಂದು ಭಾನುವಾರ ಭಾನುವಾರ ಬಸ್ಸು ಹತ್ತತೊಡಗಿದರು. ಬೀದರ್ ಕರ್ನಾಟಕದಲ್ಲಿದೆ, ಅಲ್ಲಿ ನಿಷೇಧವಿರಲಿಲ್ಲ. ಎರಡು ಭಾನುವಾರ ಅವ್ವ ಹಣ್ಣುಕಾಯಿ ಕಟ್ಟಿಕೊಟ್ಟರು, ಮೂರನೆಯ ಬಾರಿ ಕೊಡಲಿಲ್ಲ.

1996ರ ಚಾತುರ್ಮಾಸದಲ್ಲಿ ನನ್ನ ದೊಡ್ಡಪ್ಪ ಅವರನ್ನು ಊರಿಗೆ ಕರೆಸಿಕೊಂಡು, ಅಲ್ಲಿ ವರ್ಷಾಯೋಗದಲ್ಲಿದ್ದ ಮುನಿಗಳ ಬಳಿಗೆ ಕರೆದೊಯ್ದು ಮದ್ಯತ್ಯಾಗದ ನಿಯಮ ಕೊಡಿಸಿದರು. ಅಪ್ಪಾಜಿ ಅಂಜಲಿಬದ್ಧರಾಗಿ, ಕಣ್ಣೀರು ಸುರಿಸುತ್ತಲೇ ನಿಯಮ ತೆಗೆದುಕೊಂಡರು. ಅದರಲ್ಲಿ ಕಪಟವಿರಲಿಲ್ಲ. ಅಂದಿನಿಂದ ಒಂದು ಹನಿಯನ್ನೂ ಮುಟ್ಟದೆ ರೈಲು ಹತ್ತಿ ಅಮೀರ್‌ಪೇಟೆಗೆ ಮರಳಿದರು. ಮೂರನೆಯ ದಿನ ಬೆಳಗಿನ ಜಾವ ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದು ಕೈಕಾಲು ಸೆಟೆದುಕೊಂಡರು, ಬಾಯಲ್ಲಿ ನೊರೆ. ನನಗೆ ಆಗ ಹದಿನಾರು ವರ್ಷ. ಪ್ರಜ್ಞೆ ಮರಳಿದ ಮೇಲೆ ಗೋಡೆಯ ಮೇಲೆ ಇರುವೆಗಳ ಸಾಲನ್ನು ತೋರಿಸುತ್ತಿದ್ದರು, ಗೋಡೆಯ ಮೇಲೆ ಏನೂ ಇರಲಿಲ್ಲ. ನಿಯಮದಲ್ಲಿ ಏನೋ ದೋಷವಾಗಿದೆ, ಅದರ ಫಲವಿದು ಎಂದು ಊರಿನಿಂದ ಮಾತು ಬಂತು.

ದೋಷ ನಿಯಮದ್ದಾಗಿರಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದ ದೇಹದಲ್ಲಿ ಮೆದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನು ಸದಾ ಎಚ್ಚರದ ಸ್ಥಿತಿಯಲ್ಲಿ ಇಟ್ಟುಕೊಂಡಿರುತ್ತದೆ. ಮದ್ಯವನ್ನು ಒಮ್ಮೆಲೇ ತೆಗೆದುಬಿಟ್ಟರೆ ತಡೆಯಿಲ್ಲದ ಆ ಎಚ್ಚರವೇ ಬಿರುಗಾಳಿಯಾಗುತ್ತದೆ. ಮೊದಲು ಕೈನಡುಕ, ಬೆವರು, ನಿದ್ರಾಹೀನತೆ, ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ. ಚಿಕಿತ್ಸೆ ಇಲ್ಲದಿದ್ದರೆ ಸಾವೂ ಉಂಟು. ವೈದ್ಯರ ಕೈಯಲ್ಲಿ ಇದು ತಡೆಯಲಾಗದ ವಿಪತ್ತೇನಲ್ಲ. ಕೆಲವು ದಿನ ಶಮನಕಾರಿ ಮಾತ್ರೆಗಳನ್ನು ಕೊಟ್ಟು ಕ್ರಮವಾಗಿ ಇಳಿಸುತ್ತಾರೆ. ಬಿ1 ಜೀವಸತ್ವವಾದ ಥಯಮಿನ್ ಕೊಡುತ್ತಾರೆ, ಅದನ್ನು ಕೊಡುವ ಮುನ್ನ ಗ್ಲೂಕೋಸ್ ಏರಿಸಬಾರದೆಂದು ಎಚ್ಚರಿಸುತ್ತಾರೆ. ಇಷ್ಟನ್ನು ಎರ್ರಗಡ್ಡೆಯ ಮಾನಸಿಕ ಆಸ್ಪತ್ರೆಯ ಯುವ ವೈದ್ಯರೊಬ್ಬರು ನನಗೂ ಅವ್ವನಿಗೂ ತೆಲುಗಿನಲ್ಲಿ ಸಾವಧಾನವಾಗಿ ಹೇಳಿದರು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಹೇಗೋ ಹೈದರಾಬಾದಿನವರಿಗೆ ಎರ್ರಗಡ್ಡ ಹಾಗೆ, ಊರಿನ ಹೆಸರೇ ಬೈಗುಳವಾಗಿದೆ. ಆ ಗೇಟಿನೊಳಕ್ಕೆ ಹೋದ ಮೊದಲ ದಿನ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದರು.

ಇಲ್ಲಿ ನಮ್ಮ ಮನೆತನಗಳಿಗೆ ನೇರವಾಗಿ ಒಂದು ಮಾತು ಹೇಳಬೇಕಾಗಿದೆ. ಕುಡಿತಕ್ಕೆ ಬಿದ್ದ ಮಗನನ್ನೋ ಗಂಡನನ್ನೋ ಮುನಿಗಳ, ಭಟ್ಟಾರಕರ, ಆರ್ಯಿಕೆಯರ ಬಳಿಗೆ ಕರೆದೊಯ್ದು ನಿಯಮ ಕೊಡಿಸುವುದು ನಮ್ಮಲ್ಲಿ ಸಾಮಾನ್ಯ. ಅಪ್ಪಾಜಿ ಅದನ್ನು ಎಂದೂ ಹಗುರವಾಗಿ ಕಾಣಲಿಲ್ಲ, ತಾವು ತೆಗೆದುಕೊಂಡ ನಿಯಮವನ್ನು ಕೊನೆಯುಸಿರಿನವರೆಗೆ ಉಳಿಸಿಕೊಂಡರು. ಆದರೆ ದಿನವೂ ಕುಡಿಯುವವನನ್ನು ಕರೆತಂದವರಿಗೆ ಅವರ ಮೊದಲ ಮಾತು ಒಂದೇ ಆಗಿತ್ತು. “ಮೊದಲ ಡಾಕ್ಟರ್, ಆಮ್ಯಾಲ ನಿಯಮ.” ಇದನ್ನು ಧರ್ಮವಿರೋಧವೆಂದು ಭಾವಿಸಿ ಅವರೊಡನೆ ಮಾತು ಬಿಟ್ಟವರೂ ಇದ್ದರು.

ಆಸ್ಪತ್ರೆಯಲ್ಲಿ ನೆರೆಯ ಹಾಸಿಗೆಯಲ್ಲಿದ್ದವರೊಬ್ಬರ ಮೂಲಕ ಅವರು ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋದರು. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡದ್ದರಿಂದ ಹುಟ್ಟಿದ್ದು ಅದು. ಶುಲ್ಕವಿಲ್ಲ, ಉಪದೇಶಕರಿಲ್ಲ, ಕುಡಿತ ಬಿಡಬೇಕೆಂಬ ಬಯಕೆಯೊಂದೇ ಪ್ರವೇಶಕ್ಕೆ ಸಾಕು. ಅವರ ಕೂಟ ಸೇರುತ್ತಿದ್ದುದು ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ. ಇಳಿಹೊತ್ತಿಗೆ ಮುನ್ನ ಊಟ ಮುಗಿಸಿ, ನೀರಿನ ಬಾಟಲಿ ಹಿಡಿದು ಹೊರಡುತ್ತಿದ್ದ ಅಪ್ಪಾಜಿ ಆ ಕೋಣೆಯಲ್ಲಿ ಎದ್ದು ನಿಂತು ‘ನಾನೊಬ್ಬ ಕುಡುಕ’ ಎಂದು ಹರಕುಮುರುಕು ತೆಲುಗಿನಲ್ಲಿ ಹೇಳಿದ್ದನ್ನು ನಾನು ಮೊದಲ ವಾರ್ಷಿಕೋತ್ಸವದ ದಿನ, ಕುಟುಂಬದವರನ್ನು ಬರಗೊಟ್ಟ ಸಭೆಯಲ್ಲಿ ಕೇಳಿದೆ. ನಮ್ಮವರ ಮುಂದೆ ಆ ಮಾತನ್ನು ಹೇಳಲು ಅವರಿಗೆ ಮುಂದೆ ಹತ್ತು ವರ್ಷ ಬೇಕಾಯಿತು.

ಮುಂದಿನದು ಬೇಗ ಹೇಳಿ ಮುಗಿಸಬಹುದು. 2003ರಲ್ಲಿ ಸ್ವಯಂನಿವೃತ್ತಿ ಪಡೆದು ಆಪ್ತಸಮಾಲೋಚನೆಯ ತರಬೇತಿ ಪಡೆದರು. ಬೆಳಿಗ್ಗೆ ಆಸ್ಪತ್ರೆಯ ವಾರ್ಡು, ಸಂಜೆ ಮನೆಯ ಪಡಸಾಲೆ. ಬಂದವರಿಗೆ ಮೊದಲು ಚಹಾ, ಆಮೇಲೆ ಒಂದು ಇನ್ನೂರು ಪುಟದ ನೋಟುಪುಸ್ತಕ. ಎಷ್ಟು ಕುಡಿದೆ ಎಂದು ಅವರು ಕೇಳುತ್ತಿರಲಿಲ್ಲ, ಏಕೆಂದರೆ ಉತ್ತರ ಸುಳ್ಳಾಗಿರುತ್ತದೆಂದು ಅನುಭವದಿಂದ ಬಲ್ಲವರಾಗಿದ್ದರು. ಕಳೆದ ವಾರ ಎಲ್ಲೆಲ್ಲಿ ಎಷ್ಟೆಷ್ಟು ಖರ್ಚಾಯಿತು ಎಂದು ಬರೆಸುತ್ತಿದ್ದರು. ರಿಕ್ಷಾ, ಸಿಗರೇಟು, ಮಿರ್ಚಿ ಭಜ್ಜಿ, ಗೆಳೆಯನಿಗೆ ಕೊಟ್ಟ ಕೈಗಡ, ಎಲ್ಲವೂ ಬರುತ್ತಿದ್ದವು. ಸಿ.ಎ. ಇಂಟರ್ ಓದುತ್ತಿದ್ದ ನನ್ನಿಂದ ಮೊತ್ತ ಕೂಡಿಸುತ್ತಿದ್ದರು. ಸಂಬಳಕ್ಕೂ ಖರ್ಚಿಗೂ ತಾಳೆಯಾಗದ ಅಂಕಿಯನ್ನು ನಾನು ಓದಿ ಹೇಳಿದಾಗ ಎದುರಿಗಿದ್ದವನ ಮುಖದಲ್ಲಿ ಮೂಡುತ್ತಿದ್ದ ಆ ನಿಶ್ಶಬ್ದವನ್ನು ನಾನು ಬೇರಾವ ಕಕ್ಷಿದಾರನ ಮುಖದಲ್ಲೂ ಕಂಡಿಲ್ಲ. ಮರಳಿ ಕುಡಿದು ಬಂದವನಿಗೂ ಅದೇ ಚಹಾ. ಸತ್ತವರೂ ಇದ್ದಾರೆ, ಅವರ ಸಂಖ್ಯೆ ಸಣ್ಣದಲ್ಲ. ಒಬ್ಬನ ಶವಸಂಸ್ಕಾರದಿಂದ ಬಂದು ಅಪ್ಪಾಜಿ ಎರಡು ದಿನ ಮೌನವಾಗಿದ್ದು, ಮೂರನೆಯ ದಿನ ಆತನ ತಮ್ಮನನ್ನು ಮನೆಗೆ ಕರೆಸಿದರು.

ಅವರು ತಮ್ಮದೇ ಹೊಸ ದಾರಿಯೆಂದು ಎಂದೂ ಹೇಳಿಕೊಂಡವರಲ್ಲ. ಗಡಿಭಾಗದವರಾದ್ದರಿಂದ ಮರಾಠಿ ಓದುತ್ತಿದ್ದರು. ಬ್ರೌನ್ ಶುಗರ್ ಗೀಳಿಗೆ ಬಿದ್ದವರ ಬಗೆಗೆ ಅನಿಲ ಅವಚಟರು ಬರೆದ ‘ಗರ್ದ’ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಆ ಬರವಣಿಗೆಯ ಹಿಂದೆಯೇ, ಪು.ಲ. ದೇಶಪಾಂಡೆಯವರ ಧನಸಹಾಯದಿಂದ, 1986ರಲ್ಲಿ ಪುಣೆಯಲ್ಲಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದವರು ಅವಚಟರ ಪತ್ನಿ, ಮನೋವೈದ್ಯೆ ಡಾ. ಸುನಂದಾ. ಅವರ ನಂತರ ಮಗಳು ಮುಕ್ತಾ ಪುಣತಾಂಬೇಕರ್ ಅದನ್ನು ಮುನ್ನಡೆಸುತ್ತ ಬಂದಿದ್ದಾರೆ. ತಂದೆತಾಯಿಯರ ಕೆಲಸವನ್ನು ಮಗಳು ಕೈಗೆತ್ತಿಕೊಂಡ ಆ ಸಂಗತಿಯನ್ನು ಅಪ್ಪಾಜಿ ನನ್ನೆದುರು ಹಲವು ಬಾರಿ ಪ್ರಸ್ತಾಪಿಸಿದ್ದರು. ನಾನು ಪ್ರತಿ ಬಾರಿಯೂ ಸೆಪ್ಟೆಂಬರಿನ ತೆರಿಗೆ ಗಡುವಿನ ನೆಪ ಹೇಳಿ ಎದ್ದು ಹೋದವನು.

ನಮ್ಮವರ ನಡುವೆಯೇ ಇರುವ ದೊಡ್ಡ ಉದಾಹರಣೆಯನ್ನು ಮರೆಯಬಾರದು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ಬೆಳೆದ ಜನಜಾಗೃತಿ ವೇದಿಕೆಯು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಸಾವಿರಕ್ಕೂ ಮಿಗಿಲಾದ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಅಪ್ಪಾಜಿಯೊಡನೆ ನಾನೊಮ್ಮೆ ಧಾರವಾಡ ಸೀಮೆಯ ಅಂತಹ ಶಿಬಿರವೊಂದನ್ನು ನೋಡಲು ಹೋಗಿದ್ದೆ. ಕಲ್ಯಾಣಮಂಟಪವೊಂದರಲ್ಲಿ ಎಂಟು ದಿನ ವಾಸ, ಊರಿನವರೇ ಸಮಿತಿ ಮಾಡಿಕೊಂಡು ಅಕ್ಕಿಬೇಳೆ ಒದಗಿಸಿದ್ದರು. ಆರೋಗ್ಯ ತಪಾಸಣೆ, ವ್ಯಾಯಾಮ, ಭಜನೆ, ಗುಂಪುಮಾತು ಎಲ್ಲವೂ ಇತ್ತು. ಕೊನೆಯ ದಿನಗಳಲ್ಲಿ ಮನೆಯವರನ್ನು ಕರೆಸಿದ್ದರು. ಹಿಂದಿರುಗುವಾಗ ನಾನು ಎಂಟೇ ದಿನದಲ್ಲಿ ಏನಾದೀತು ಎಂದೆ. ಶಿಬಿರಕ್ಕಿಂತ ಅದು ಮುಗಿದ ಮೇಲೆ ವಾರವಾರ ಸೇರುವ ನವಜೀವನ ಸಮಿತಿ ಮುಖ್ಯವೆಂದು ಅಪ್ಪಾಜಿ ಹೇಳಿದರು. ಕುಡಿತ ಬಿಟ್ಟವನ ಮಂಗಳವಾರ ಸಂಜೆಯನ್ನು ತುಂಬುವವರು ಯಾರು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಹೀಗಿರುವಾಗ ನಗರಗಳಲ್ಲಿ ನೆಲೆಸಿದ ನಮ್ಮ ಸಮಾಜಗಳಲ್ಲಿ ಇದರ ಸೊಲ್ಲೇ ಏಕಿಲ್ಲ? ನಮ್ಮಲ್ಲಿ ಕುಡಿಯುವವರಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮದ್ಯ ಮಾಂಸ ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲೇ ಸೇರಿರುವುದರಿಂದ, ಕುಡಿಯುವ ಜೈನನು ಲೆಕ್ಕಕ್ಕೇ ಬರಬಾರದವನು. ಲೆಕ್ಕಕ್ಕೆ ಬಾರದವನಿಗೆ ಚಿಕಿತ್ಸೆಯೂ ಇಲ್ಲ. 1998ರಲ್ಲಿ, ಅಪ್ಪಾಜಿ ಬಿಟ್ಟು ಎರಡು ವರ್ಷವಾದ ಮೇಲೆ, ನನ್ನ ಅಕ್ಕನಿಗೆ ಒದಗಿಬಂದ ಸಂಬಂಧವೊಂದು ಅವರು ಕೂಟಕ್ಕೆ ಹೋಗುತ್ತಾರೆಂಬ ಸುದ್ದಿ ತಿಳಿದು ಮುರಿಯಿತು. ಅವರು ಕುಡಿದು ಗಲ್ಲಿಯಲ್ಲಿ ಬೀಳುತ್ತಿದ್ದ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟಿರಲಿಲ್ಲ. ಕುಡಿತವನ್ನು ಸಹಿಸಿಕೊಂಡ ಸಮಾಜ ಚಿಕಿತ್ಸೆಯನ್ನು ಸಹಿಸಲಿಲ್ಲ.

ಇದಕ್ಕೆ ಶಾಸ್ತ್ರದ ಆಧಾರವನ್ನೂ ಕೊಡುವವರಿದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದಲ್ಲವೇ, ಸಾಧರ್ಮಿಯ ದೋಷವನ್ನು ಮುಚ್ಚಬೇಕಲ್ಲವೇ ಎನ್ನುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಹೆಸರಾದವನು ಜಿನೇಂದ್ರಭಕ್ತನೆಂಬ ಶೆಟ್ಟಿ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಕೊಡೆಯ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ನಾನೇ ತರಹೇಳಿದ್ದೆ ಎಂದು ಜನರೆದುರು ಅವನ ಮಾನ ಕಾಯ್ದನೆಂಬ ಕಥೆಯನ್ನು ನಾವೆಲ್ಲ ಪಾಠಶಾಲೆಯಲ್ಲಿ ಕೇಳಿದ್ದೇವೆ. ಜನ ಚೆದುರಿದ ಮೇಲೆ ಆ ಶೆಟ್ಟಿ ಕಳ್ಳನನ್ನು ಏಕಾಂತದಲ್ಲಿ ಕೂರಿಸಿ ಖಂಡಿಸಿದ ಭಾಗವನ್ನು ಮಾತ್ರ ಮರೆತಿದ್ದೇವೆ. ಉಪಗೂಹನದ ಮರುಕ್ಷಣವೇ ಬರುವ ಅಂಗ ಸ್ಥಿತಿಕರಣ, ಜಾರುವವನನ್ನು ಹಿಡಿದು ಮತ್ತೆ ನೆಲೆಗೆ ನಿಲ್ಲಿಸುವುದು. ಅದಕ್ಕೆ ಹೆಸರಾದ ವಾರಿಷೇಣ ಮುನಿ, ಹನ್ನೆರಡು ವರ್ಷ ದೀಕ್ಷೆಯಲ್ಲಿದ್ದೂ ಮನಸ್ಸು ಮನೆಯಲ್ಲೇ ಉಳಿದಿದ್ದ ಗೆಳೆಯ ಪುಷ್ಪದಾಳನನ್ನು ಬೈಯಲಿಲ್ಲ, ಸಂಘದಿಂದ ಹೊರಹಾಕಲೂ ಇಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ಬಿಟ್ಟುಬಂದ ಸಂಪತ್ತನ್ನೂ ಸ್ತ್ರೀಯರನ್ನೂ ಎದುರಿಗೆ ನಿಲ್ಲಿಸಿ, ಬೇಕಾದರೆ ತೆಗೆದುಕೋ ಎಂದ. ನಯಸೇನ ಕವಿ 1112ರ ಸುಮಾರಿಗೆ ಮುಳುಗುಂದದಲ್ಲಿ ಕುಳಿತು ಧರ್ಮಾಮೃತದಲ್ಲಿ ಈ ಅಂಗಗಳ ಕಥೆಗಳನ್ನು ಕನ್ನಡಿಸಿದ್ದು ನಮ್ಮಂತಹ ಗೃಹಸ್ಥರಿಗಾಗಿಯೇ ಇರಬೇಕು. ಮುಚ್ಚುವ ಅಂಗವನ್ನು ಉಳಿಸಿಕೊಂಡು ನಿಲ್ಲಿಸುವ ಅಂಗವನ್ನು ಕೈಬಿಟ್ಟಿರುವ ನಮಗೆ ಉಪಗೂಹನದ ಹೆಸರು ಹೇಳುವ ಅಧಿಕಾರವಿದೆಯೇ ಎಂಬುದು ನನ್ನ ಪ್ರಶ್ನೆ.

ಸರ್ಕಾರದ ಪಾಲಿಗೆ ಬರೋಣ. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸುವಂತೆ ರಾಜ್ಯಕ್ಕೆ ಸೂಚಿಸುತ್ತದೆ. ಆದರೆ ಮದ್ಯವನ್ನು ಜಿ.ಎಸ್.ಟಿ.ಯ ಹೊರಗಿಟ್ಟು ರಾಜ್ಯಗಳು ತಮ್ಮ ಕೈಯಲ್ಲೇ ಉಳಿಸಿಕೊಂಡಿವೆ, ಸಗಟು ವ್ಯಾಪಾರಿಯೂ ಸರ್ಕಾರಿ ನಿಗಮವೇ. ಕರ್ನಾಟಕದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಗಿಲು. ತೆಲಂಗಾಣದಲ್ಲಿ 2023ರಲ್ಲಿ 2,620 ಮದ್ಯದಂಗಡಿಗಳಿಗೆ ಅರ್ಜಿ ಕರೆದಾಗ, ಅರ್ಜಿಯೊಂದಕ್ಕೆ ಮರುಪಾವತಿಯಿಲ್ಲದ 2 ಲಕ್ಷ ರೂಪಾಯಿ ಶುಲ್ಕ ಕಟ್ಟಿ 1.3 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಒಂದು ಹನಿ ಮಾರುವ ಮೊದಲೇ 2,600 ಕೋಟಿ! ಇದಕ್ಕೆದುರಾಗಿ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯನ್ನು ನೋಡಿರಿ. ಮದ್ಯಪಾನದಿಂದ ಹಾನಿಗೊಳಗಾಗಿ ನೆರವು ಬೇಕಾಗಿರುವವರು 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಇದ್ದು ಪಡೆದವರು 180ಕ್ಕೆ ಒಬ್ಬರು.

ನಾನು ಪಾನನಿಷೇಧದ ಪರ ವಾದಿಸುತ್ತಿಲ್ಲ. ಆಂಧ್ರದ ನಿಷೇಧ 1997ರಲ್ಲಿ ಬೊಕ್ಕಸ ಬರಿದಾಗಿ ಬಿದ್ದುಹೋದದ್ದನ್ನೂ ಬೀದರಿನ ಬಸ್ಸನ್ನೂ ಕಣ್ಣಾರೆ ಕಂಡವನು ನಾನು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಬಕಾರಿ ಆದಾಯದ ನೂರಕ್ಕೆ ಒಂದು ಪಾಲನ್ನು, ಕೇವಲ ಒಂದನ್ನು, ಜಿಲ್ಲಾ ಆಸ್ಪತ್ರೆಗಳ ವ್ಯಸನಮುಕ್ತಿ ಹಾಸಿಗೆಗಳಿಗೂ ಸಮಾಲೋಚಕರ ಸಂಬಳಕ್ಕೂ ಕಾನೂನಿನಿಂದಲೇ ಮೀಸಲಿಡಬೇಕೆಂಬುದಷ್ಟೇ ನನ್ನ ಬೇಡಿಕೆ. ಕರ್ನಾಟಕವೊಂದರಲ್ಲೇ ಅದು ವರ್ಷಕ್ಕೆ 300 ಕೋಟಿಯಾಗುತ್ತದೆ.

ವಿಮೆಯ ವಿಷಯದಲ್ಲಿ ಇನ್ನೊಂದು ವೈಚಿತ್ರ್ಯವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳಿಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ದೈಹಿಕ ಕಾಯಿಲೆಗೆ ಸಮನಾಗಿ ಅದಕ್ಕೂ ವಿಮೆ ಕೊಡಬೇಕೆಂದು ಅದರ 21ನೆಯ ಕಲಮು ಹೇಳುತ್ತದೆ. ಆದರೆ ನಿಮ್ಮ ಆರೋಗ್ಯ ವಿಮೆಯ ಪಾಲಿಸಿಯ ಹಾಳೆಗಳನ್ನು ತಿರುವಿ ನೋಡಿ. ಹೊರಗಿಡಲಾದ ಸಂಗತಿಗಳ ಪಟ್ಟಿಯಲ್ಲಿ 12ನೆಯ ಸಂಕೇತದಡಿ ಕುಡಿತ, ಮಾದಕ ವ್ಯಸನ ಮತ್ತು ಅವುಗಳ ಪರಿಣಾಮಗಳ ಚಿಕಿತ್ಸೆ ಎಂದು ಅಚ್ಚಾಗಿರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಅನುಮತಿಸಿದ ಒಕ್ಕಣೆಯಿದು. ‘ಪರಿಣಾಮಗಳು’ ಎಂಬ ಒಂದು ಪದದ ಮೇಲೆ ನನ್ನ ಕಕ್ಷಿದಾರರೊಬ್ಬರಿಗೆ, ಕುಡಿತ ಬಿಟ್ಟು ಆರು ವರ್ಷವಾದ ಮೇಲೆ ಬಂದ ಯಕೃತ್ತಿನ ಕಾಯಿಲೆಯ ಹಣ ನಿರಾಕರಣೆಯಾಯಿತು. ಬಿಟ್ಟೆನೆಂದು ವೈದ್ಯರಿಗೆ ನಿಜ ಹೇಳಿದ್ದೇ ಅವರ ತಪ್ಪು. ಹೀಗಿದ್ದಮೇಲೆ ನಮ್ಮವರು ಮುಚ್ಚಿಡುತ್ತಾರೆಂದು ನಾನು ಯಾವ ಬಾಯಿಂದ ದೂರಲಿ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ, ಕೆಲವೇ ದಿನಗಳಲ್ಲಿ ಎರ್ರಗಡ್ಡೆಯ ಆಸ್ಪತ್ರೆಗೆ ಕೈನಡುಕದವರು, ಸನ್ನಿಯವರು ಗುಂಪುಗುಂಪಾಗಿ ಬಂದರು. ಪತ್ರಿಕೆಗಳಲ್ಲಿ ಅದು ತಮಾಷೆಯ ಸುದ್ದಿಯಂತೆ ಅಚ್ಚಾಯಿತು. ಎಪ್ಪತ್ತು ದಾಟಿದ ಅಪ್ಪಾಜಿಯನ್ನು ನಾವು ಹೊರಗೆ ಬಿಡಲಿಲ್ಲ. ಅವರು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಫೋನಿನಲ್ಲಿ ಮಾತನಾಡಿದರು. ಕರೆ ಮಾಡುತ್ತಿದ್ದವರು ಬಹುಪಾಲು ಹೆಂಗಸರು. “ತಂಗೀ, ಈಗ ಬೈಬ್ಯಾಡ. ಎಷ್ಟು ದಿನಾ ಆತು ನಿಂತು? ಕೈ ಚಾಚಿಸಿ ನೋಡು, ಎಷ್ಟ ನಡುಗತಾವು ಹೇಳು. ಏನೇನರ ಕಾಣಸ್ತೈತಿ ಅಂತಾನೇನು? ಹಂಗಾದ್ರ ನಾಳೆ ಅನಬ್ಯಾಡ, ಈಗ 108ಕ್ಕ ಮಾಡು.” ಆ ಆರು ವಾರಗಳಲ್ಲಿ ಅವರ ಕಿವಿಯ ಬಳಿ ಫೋನಿನ ಬಿಸಿಗೆ ಚರ್ಮ ಕೆಂಪಾಗಿತ್ತು. ಮೇ 6ರಂದು ತೆಲಂಗಾಣದಲ್ಲಿ ಮದ್ಯದಂಗಡಿಗಳು ತೆರೆದವು, ಮೈಲುದ್ದದ ಸಾಲುಗಳನ್ನು ಟಿ.ವಿ.ಯಲ್ಲಿ ನೋಡಿ ಅವರು ಏನೂ ಹೇಳಲಿಲ್ಲ. ಆ ಸಾಲಿನಲ್ಲಿ ತಮ್ಮವರು ಯಾರಾದರೂ ಕಾಣುತ್ತಾರೆಯೇ ಎಂದು ನೋಡುತ್ತಿದ್ದರೆಂದು ಅವ್ವ ಆಮೇಲೆ ಹೇಳಿದರು.

ಕೊನೆಯ ವರ್ಷಗಳಲ್ಲಿ ಅವರ ಪಡಸಾಲೆಗೆ ಬರುತ್ತಿದ್ದವರ ವಯಸ್ಸು ಇಳಿಯುತ್ತ ಬಂತು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಸಾಫ್ಟ್‌ವೇರ್ ಕೋರ್ಸಿಗೆಂದು ಅಮೀರ್‌ಪೇಟೆಯ ಹಾಸ್ಟೆಲುಗಳಿಗೆ ಬಂದು, ಒಂದು ಕೋಣೆಯಲ್ಲಿ ಐದು ಮಂಚಗಳ ನಡುವೆ ಕೆಲಸಕ್ಕಾಗಿ ಕಾಯುವ ಹುಡುಗರು. ಕನ್ನಡ ಮಾತಾಡುವ ‘ಕಾಕಾ’ ಒಬ್ಬರಿದ್ದಾರೆಂದು ಒಬ್ಬರಿಂದೊಬ್ಬರಿಗೆ ತಿಳಿದು ಬರುತ್ತಿದ್ದರು. ಅವರಲ್ಲಿ ನಮ್ಮ ಸಮಾಜದವನೊಬ್ಬ ಮದ್ಯವನ್ನು ಮೂಸಿಯೂ ನೋಡಿದವನಲ್ಲ, ಸೂರ್ಯಾಸ್ತದ ನಂತರ ಉಣ್ಣದವನು, ಷೇರುಪೇಟೆಯ ಆಪ್ಷನ್ಸ್ ವಹಿವಾಟಿನಲ್ಲಿ ತಂದೆಯ ಅಂಗಡಿಯ ದುಡಿಮೆಯ ಬಂಡವಾಳವನ್ನೇ ಕಳೆದಿದ್ದ. ಸೆಬಿಯ 2024ರ ಅಧ್ಯಯನದ ಪ್ರಕಾರ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. “ಇದು ಜೂಜಲ್ಲೇನಪಾ?” ಎಂದು ಅಪ್ಪಾಜಿ ನನ್ನನ್ನು ಕೇಳಿದರು. ಮಾನ್ಯತೆ ಪಡೆದ ವಿನಿಮಯ ಕೇಂದ್ರದಲ್ಲಿ ನಡೆಯುವುದರಿಂದ ಆದಾಯ ತೆರಿಗೆ ಕಾನೂನಿನಂತೆ ಇದು ಸಟ್ಟಾ ವ್ಯವಹಾರವೆನಿಸುವುದಿಲ್ಲ, ಸಾಮಾನ್ಯ ವ್ಯಾಪಾರದ ನಷ್ಟವೆಂದೇ ತೋರಿಸುತ್ತೇವೆ ಎಂದು ವಿವರಿಸಿದೆ. ಅವರು ಬಹಳ ಹೊತ್ತು ನಕ್ಕರು. ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲನೆಯದು ದ್ಯೂತವೆಂಬುದನ್ನು ನೆನಪಿಸಿ, ಆ ಹುಡುಗನಿಗೂ ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಟ್ಟರು. ಕುಡಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆ ಸುರಕ್ಷಿತವೆಂದು ನಂಬಿರುವ ವ್ಯಾಪಾರಿ ಬಂಧುಗಳು ಮಕ್ಕಳ ಫೋನುಗಳನ್ನು ಒಮ್ಮೆ ನೋಡಬೇಕು.

ಅಂತಹ ನೋಟುಪುಸ್ತಕಗಳು ಅವರ ಕಪಾಟಿನಲ್ಲಿ ಒಂದು ರಾಶಿಯೇ ಉಳಿದಿದ್ದವು. ಹೆಸರುಗಳಿಲ್ಲದಿದ್ದರೂ ಊರು, ಕೆಲಸ, ಸಂಬಳ, ಸಾಲ ಕೊಟ್ಟವರ ವಿವರಗಳಿದ್ದವು. ದಾಖಲೆಗಳನ್ನು ಎಂಟು ವರ್ಷ ಕಾಪಿಡಿರೆಂದು ಕಂಪನಿಗಳಿಗೆ ಹೇಳುವ ನಾನು, ಅವ್ವನ ಮಾತಿನಂತೆ ಅವನ್ನೆಲ್ಲ ಎರಡು ರಾತ್ರಿ ಕುಳಿತು ಹರಿದು, ನೀರಿನಲ್ಲಿ ನೆನೆಸಿ ಹಿಂಡಿ ಹಾಕಿದೆ. ಬೆಂಕಿಗೆ ಹಾಕಲು ಅವ್ವ ಒಪ್ಪಲಿಲ್ಲ, ಹಾಳೆಗಳ ನಡುವೆ ಜೀವವಿರುತ್ತದೆ ಎಂದರು. ಬೆಳ್ಳಿಮೀನಿನಂತಹ ಹುಳುಗಳು ಒಂದೆರಡು ಇದ್ದವು ಕೂಡ.

ಇನ್ನು ನನ್ನ ಪ್ರಸ್ತಾಪ. ಹಲವು ಧರ್ಮದಾಯ ಸಂಸ್ಥೆಗಳ ಲೆಕ್ಕವನ್ನು ನಾನು ನೋಡುತ್ತೇನೆ. ತೆರಿಗೆ ವಿನಾಯಿತಿ ಬೇಕಾದರೆ ಆದಾಯದ ನೂರಕ್ಕೆ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ನಿಯಮವಿರುವುದರಿಂದ ಮಾರ್ಚ್ ತಿಂಗಳಲ್ಲಿ ಹಣ ಎಲ್ಲಿ ಹಾಕಲಿ ಎಂದು ಕೇಳುವ ಪದಾಧಿಕಾರಿಗಳನ್ನೂ ಕಂಡಿದ್ದೇನೆ. ವೈದ್ಯಕೀಯ ನೆರವು ಆ ಕಾನೂನಿನಲ್ಲೇ ಧರ್ಮಕಾರ್ಯವೆಂದು ಹೆಸರಿಸಲ್ಪಟ್ಟಿದೆ. ಪಂಚಕಲ್ಯಾಣ, ಬಸದಿಗಳ ಜೀರ್ಣೋದ್ಧಾರ, ವಿದ್ಯಾರ್ಥಿವೇತನಗಳಿಗೆ ನನ್ನ ಆಕ್ಷೇಪವಿಲ್ಲ. ಆದರೆ ವ್ಯಸನ ಚಿಕಿತ್ಸೆ ಎಂಬ ಶೀರ್ಷಿಕೆಯನ್ನು ನಾನು ನಮ್ಮವರ ಯಾವ ಖರ್ಚಿನ ಪಟ್ಟಿಯಲ್ಲೂ ಇದುವರೆಗೆ ಕಂಡಿಲ್ಲ. ನಮ್ಮ ಸಮಾಜದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಗೊತ್ತುವಳಿ ಮಂಡಿಸಲಿದ್ದೇನೆ. ವರ್ಷಕ್ಕೆ ಹತ್ತು ಮಂದಿಯ ಆಸ್ಪತ್ರೆಯ ವೆಚ್ಚ, ಹೆಸರು ಕಾರ್ಯದರ್ಶಿಗೂ ತಿಳಿಯದಂತೆ ನೇರ ಆಸ್ಪತ್ರೆಗೆ ಪಾವತಿ. ವಾರಕ್ಕೊಂದು ಸಂಜೆ ಸಭಾಭವನದ ಹಿಂದಿನ ಕೋಣೆ. ಸೂಚನಾಫಲಕದಲ್ಲಿ ಸರ್ಕಾರದ ಉಚಿತ ಸಹಾಯವಾಣಿಗಳಾದ 14446 ಮತ್ತು 14416ರ ಸಂಖ್ಯೆಗಳು, ಲಗ್ನದ ವರವಧು ಪ್ರಕಟಣೆಗಳ ಪಕ್ಕದಲ್ಲೇ.

ಗೊತ್ತುವಳಿಗೆ ಅನುಮೋದಕರೊಬ್ಬರು ಬೇಕು. ಮೂವರನ್ನು ಕೇಳಿದೆ, ಮೂವರೂ ವಿಷಯ ಬಹಳ ಒಳ್ಳೆಯದೆಂದು ಹೇಳಿ, ತಮ್ಮ ಹೆಸರು ಬೇಡವೆಂದರು. ನಾನು ಅನುಮೋದಿಸುತ್ತೇನೆ ಎಂದು ಅವ್ವ ತಾವಾಗಿಯೇ ಹೇಳಿದರು. ನಿಯಮಾವಳಿಯನ್ನು ತೆರೆದು ನೋಡಿದರೆ ಸದಸ್ಯತ್ವ ಕುಟುಂಬದ ಯಜಮಾನರ ಹೆಸರಿನಲ್ಲಿ ಮಾತ್ರ ಇರುತ್ತದೆ, ನಮ್ಮದು ಇಂದಿಗೂ ಅಪ್ಪಾಜಿಯ ಹೆಸರಿನಲ್ಲೇ ಇದೆ. ಅದನ್ನು ಅವ್ವನ ಹೆಸರಿಗೆ ವರ್ಗಾಯಿಸಲು ಕಳೆದ ಸೋಮವಾರ ಅರ್ಜಿ ಕೊಟ್ಟು ಐವತ್ತು ರೂಪಾಯಿ ಶುಲ್ಕದ ರಸೀದಿ ಪಡೆದಿದ್ದೇನೆ.